ವೋಕಿಂಗ್‌ನಿಂದ ಬ್ರೈಟನ್‌ಗೆ ಎರಡು ಸೈಕಲ್

ಅರಸೀಕೆರೆಯ ರೈಲ್ವೆ ಗೇಟಿನ ಪಕ್ಕದಲ್ಲಿ ಹಿಂದೆ ಒಂದು ಬಾಡಿಗೆ ಸೈಕಲ್ ಅಂಗಡಿಯಿತ್ತು. ಗಂಟೆಗೆ ಒಂದು ರೂಪಾಯಿ. ನಾವು ಮೂವರು ಅಕ್ಕತಂಗಿಯರು ಚಿಲ್ಲರೆ ಕೂಡಿಸಿ ಒಂದು ಗಂಟೆಗೆ ಒಂದು ಸೈಕಲ್ ತಂದು, ಇಪ್ಪತ್ತು ನಿಮಿಷಕ್ಕೊಬ್ಬರಂತೆ ಹಂಚಿಕೊಂಡು, ಕ್ವಾರ್ಟರ್ಸ್ ಹಿಂದಿನ ಬಯಲಿನಲ್ಲಿ ಬಿದ್ದು ಎದ್ದು ಕಲಿತೆವು. ಗಂಡಸರ ಸೈಕಲ್ಲು. ಸೀಟಿನಿಂದ ಕಾಲು ಎಟುಕುತ್ತಿರಲಿಲ್ಲ. ಬಾರಿನ ಕೆಳಗಿನಿಂದ ಒಂದು ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ಸೊಟ್ಟ ಮಾಡಿಕೊಂಡು ತುಳಿಯಬೇಕು. ಹಾಗೆ ತುಳಿದುಕೊಂಡೇ ಗೇಟಿನವರೆಗೆ ಹೋಗಿ ಬರುವಷ್ಟು ಪಳಗಿದ್ದೆವು. 1990ರ ಬೇಸಿಗೆಯಲ್ಲಿ ಒಂದು ದಿನ ಅಂಗಡಿಯವನು ನಮ್ಮ ರೂಪಾಯಿಯನ್ನು ಹಿಂದಕ್ಕೆ ಕೊಟ್ಟು, 'ಸೈಕಲ್ ಖಾಲಿ ಇಲ್ಲಮ್ಮ' ಎಂದ. ಅವನ ಬೆನ್ನ ಹಿಂದೆ ಆರು ಸೈಕಲ್ ನಿಂತಿದ್ದವು. ಮನೆಗೆ ಬಂದು ಹೇಳಿದಾಗ ದಾದಿಮಾ, 'ಒಳ್ಳೇದೇ ಆಯ್ತು, ದೊಡ್ಡವರಾದಿರಿ' ಎಂದರು. ಅಬ್ಬಾ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಇದು ದಾದಿಮಾ ಅವರದೇ ಕೆಲಸ ಎಂದು ನಾವು ತೀರ್ಮಾನಿಸಿದೆವು. ಆ ತೀರ್ಮಾನವನ್ನು ಮೂವತ್ತನಾಲ್ಕು ವರ್ಷ ಹೊತ್ತುಕೊಂಡಿದ್ದೆವು.

ಮನೆಯ ಉರ್ದುವಿನಲ್ಲಿ 'ಹಮ್' ಅಂದರೆ ಒಬ್ಬರೂ ಆಗಬಹುದು, ಹಲವರೂ ಆಗಬಹುದು. ಈ ಬರಹದ 'ನಾವು' ಸಹ ಹಾಗೇ. ಕೆಲವು ಕಡೆ ಅಕ್ಕತಂಗಿಯರು, ಹೆಚ್ಚು ಕಡೆ ಗಂಡ ಹೆಂಡತಿ, ಅಲ್ಲಲ್ಲಿ ಈ ಲೇಖಕಿ ಒಬ್ಬಳೇ. ಓದುಗರು ಹೊಂದಿಸಿಕೊಂಡು ಓದಬೇಕು.

ಮೂವರಲ್ಲಿ ಕಿರಿಯವಳು ನರ್ಸಿಂಗ್ ಓದಿ ಇಂಗ್ಲೆಂಡ್ ಸೇರಿದಳು. ಲಂಡನ್ನಿನ ನೈರುತ್ಯಕ್ಕೆ, ರೈಲಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ವೋಕಿಂಗ್ ಎಂಬ ಊರಿನಲ್ಲಿ ಅವಳ ಮನೆ. ಹತ್ತು ವರ್ಷದಿಂದ ಕರೆಯುತ್ತಲೇ ಇದ್ದಳು. 2024ರ ಮೇ ತಿಂಗಳಲ್ಲಿ ಕೊನೆಗೂ ಹೊರಟೆವು. ಇವರು ಅಂಚೆ ಇಲಾಖೆಯಲ್ಲಿರುವವರು, ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೇ ತೆಗೆದರು. ಹೋದ ಮೂರನೇ ದಿನ ತಂಗಿ ಗ್ಯಾರೇಜಿನಿಂದ ಎರಡು ಸೈಕಲ್ ಹೊರಗೆ ತಂದು ನಿಲ್ಲಿಸಿ, 'ಆಪಾ, ಬಸ್ಸಲ್ಲಿ ಕೂತು ಲಂಡನ್ ನೋಡೋದು ಎಲ್ಲರೂ ಮಾಡ್ತಾರೆ. ನೀವಿಬ್ಬರೂ ಇದರಲ್ಲಿ ಸಮುದ್ರದವರೆಗೆ ಹೋಗಿ ಬನ್ನಿ' ಎಂದಳು. ಒಂದು ಅವಳದು, ಒಂದು ಅವಳ ಗಂಡನದು. ಅವಳದಕ್ಕೆ ಅಡ್ಡಬಾರ್ ಇರಲಿಲ್ಲ, ಚೈನ್ ಕವರ್ ಇತ್ತು. ನಲವತ್ತಾರರ ವಯಸ್ಸಿಗೆ ಇದೆಲ್ಲ ಬೇಕೇ ಎಂದು ಬಾಯಿ ಹೇಳುತ್ತಿರುವಾಗಲೇ ಕೈ ಹ್ಯಾಂಡಲ್ ಹಿಡಿದಿತ್ತು.

ಅಭ್ಯಾಸಕ್ಕೆಂದು ಮೊದಲು ಬೇಸಿಂಗ್‌ಸ್ಟೋಕ್ ಕಾಲುವೆಯ ದಂಡೆ ಹಿಡಿದೆವು. 1794ರಲ್ಲಿ ದೋಣಿಗಳಿಗಾಗಿ ತೋಡಿದ ಕಾಲುವೆ. ದೋಣಿ ಎಳೆಯುತ್ತಿದ್ದ ಕುದುರೆಗಳು ನಡೆದ ದಂಡೆಯೇ ಇಂದು ನಡೆಯುವವರ ಮತ್ತು ಸೈಕಲ್ಲಿನವರ ದಾರಿ. ಬಿದ್ದರೆ ಒಂದು ಕಡೆ ಮುಳ್ಳುಗಿಡ, ಇನ್ನೊಂದು ಕಡೆ ನೀರು. ಎರಡೂ ಬೇಡವೆಂದು ನೇರ ಹೋಗುವುದನ್ನು ಬೇಗ ಕಲಿತೆವು. ಮೈ ಮರೆಯುವುದಿಲ್ಲ ಎನ್ನುತ್ತಾರಲ್ಲ, ಅದು ಅರ್ಧ ನಿಜ. ತುಳಿಯುವುದು ಮರೆತಿರಲಿಲ್ಲ, ಇಳಿಯುವುದು ಪೂರ್ತಿ ಮರೆತಿತ್ತು. ಪ್ರತಿ ಸಲವೂ ಇವರು ಓಡಿ ಬಂದು ಕ್ಯಾರಿಯರ್ ಹಿಡಿಯಬೇಕಿತ್ತು.

ಮೂರನೇ ದಿನ ದಂಡೆಯಲ್ಲೇ ಬ್ರೂಕ್‌ವುಡ್‌ವರೆಗೆ ಹೋದೆವು. 1854ರಲ್ಲಿ ತೆರೆದ ವಿಶಾಲವಾದ ಸ್ಮಶಾನ, ಒಳಗೆ ಮುಸ್ಲಿಮರಿಗೆ ಬೇರೆ ಜಾಗಗಳಿವೆ. ಕುರ್‌ಆನನ್ನು ಇಂಗ್ಲಿಷಿಗೆ ತಂದ ಪಿಕ್ತಾಲ್ ಮತ್ತು ಅಬ್ದುಲ್ಲಾ ಯೂಸುಫ್ ಅಲಿ ಇಬ್ಬರೂ ಅಲ್ಲೇ ಮಲಗಿದ್ದಾರೆ. ಯೂಸುಫ್ ಅಲಿಯವರ ಅನುವಾದ ನಮ್ಮ ಮಾವನವರ ಕಪಾಟಿನಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿತ್ತು. ಅದನ್ನು ಬರೆದವರು 1953ರಲ್ಲಿ ಲಂಡನ್ನಿನ ಚಳಿಯಲ್ಲಿ ದಿಕ್ಕಿಲ್ಲದವರಂತೆ ತೀರಿಕೊಂಡರೆಂಬುದು ನಮಗೆ ಅಲ್ಲಿ ನಿಂತಾಗಲೇ ತಿಳಿದದ್ದು. ಫಾತಿಹಾ ಓದಿ ಬಂದೆವು.

ವೋಕಿಂಗ್ ಊರೇ ಒಂದು ಸೋಜಿಗ. ರೈಲು ಹಳಿಯ ಪಕ್ಕದಲ್ಲಿ, ಪೈನ್ ಮರಗಳ ನಡುವೆ ಷಾಹಜಹಾನ್ ಮಸೀದಿಯಿದೆ. 1889ರಲ್ಲಿ ಕಟ್ಟಿದ್ದು. ಮಸೀದಿಯೆಂದೇ ಉದ್ದೇಶಿಸಿ ಬ್ರಿಟನ್ನಿನಲ್ಲಿ ಕಟ್ಟಿದ ಮೊದಲನೆಯದು. ಕಟ್ಟಿಸಿದವರು ಲಾಹೋರಿನ ಸರ್ಕಾರಿ ಕಾಲೇಜಿನ ಮೊದಲ ಪ್ರಿನ್ಸಿಪಾಲರಾಗಿದ್ದ ಲೈಟ್ನರ್, ಯಹೂದಿ ಮನೆತನದಲ್ಲಿ ಹುಟ್ಟಿದವರು. ದುಡ್ಡು ಭೋಪಾಲದ ನವಾಬ್ ಷಾಹಜಹಾನ್ ಬೇಗಂ ಅವರದು. ಈ ಮಸೀದಿಗೆ ಷಾಹಜಹಾನ್ ಎಂಬ ಹೆಸರು ಬಂದದ್ದು ತಾಜಮಹಲಿನ ಬಾದಶಹನಿಂದಲ್ಲ, ಒಬ್ಬ ಹೆಣ್ಣಿನಿಂದ. ಇವರಿಗೆ ಇದನ್ನು ಎರಡು ಸಲ ಹೇಳಿದೆವು. 'ಒಂದು ಸಲಕ್ಕೇ ಕೇಳಿಸ್ತು ಬೇಗಂ' ಎಂದರು.

ಹೊರಡುವ ಹಿಂದಿನ ರಾತ್ರಿ ಒಂದು ಮಾತು ಬಂತು. ಇವರು ಹೆಲ್ಮೆಟ್‌ಗಳ ಪಟ್ಟಿ ಸರಿಮಾಡುತ್ತಾ, 'ಸುನೋ, ಸ್ಕಾರ್ಫ್ ಇಲ್ಲದೆ ಬರೀ ಹೆಲ್ಮೆಟ್ ಹಾಕಿಕೊಂಡರೆ ಆಗಲ್ವಾ? ಹಳ್ಳಿ ದಾರಿ. ಇಲ್ಲಿ ನಮ್ಮನ್ನು ಗುರುತಿಸೋರು ಯಾರಿದ್ದಾರೆ?' ಎಂದರು. ಸಿಟ್ಟಿನ ಮಾತಲ್ಲ, ಭಯದ ಮಾತು. ಆದರೂ ನಮಗೆ ಒಳಗೆ ಏನೋ ಕುದಿಯಿತು. ಊರಿನಲ್ಲಿ ಮದುವೆಯಾದ ಹೊಸತರಲ್ಲಿ, ತಲೆ ಮೇಲೆ ಸೆರಗು ನಿಲ್ಲುತ್ತಿಲ್ಲವೆಂದು ಅತ್ತೆಯ ಎದುರಿಗೆ ಕಣ್ಣಲ್ಲೇ ಗದರಿದವರೂ ಇವರೇ! ಅಲ್ಲಿ ಹಾಕು ಎನ್ನುವುದೂ ನೋಡುವವರಿಗಾಗಿ, ಇಲ್ಲಿ ತೆಗೆ ಎನ್ನುವುದೂ ನೋಡುವವರಿಗಾಗಿ. ನಡುವೆ ಈ ತಲೆ ಯಾರದು? 'ನಕ್ಕೋ' ಎಂದಷ್ಟೇ ಹೇಳಿ ದೀಪ ಆರಿಸಿದೆವು. ಬೆಳಿಗ್ಗೆ ತೆಳು ಹತ್ತಿಯ ಸ್ಕಾರ್ಫ್ ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡೆವು. ಇವರು ಏನೂ ಹೇಳದೆ ಪಟ್ಟಿಯನ್ನು ಒಂದು ರಂಧ್ರ ಸಡಿಲ ಮಾಡಿಕೊಟ್ಟರು.

ಮೊದಲು ಹಾರ್ಸೆಲ್ ಕಾಮನ್ ಎಂಬ ಬಯಲಿಗೆ ಹೋದೆವು. ಪೊದೆ, ಮರಳು, ಪೈನ್ ಮರ. ಎಚ್. ಜಿ. ವೆಲ್ಸ್ 1895ರಲ್ಲಿ ವೋಕಿಂಗ್‌ನಲ್ಲಿ ಮನೆ ಮಾಡಿ, ಸುತ್ತಲ ದಾರಿಗಳಲ್ಲೆಲ್ಲ ಸೈಕಲ್ ತುಳಿದಿದ್ದ. ಮಂಗಳ ಗ್ರಹದವರು ಭೂಮಿಗಿಳಿಯುವ ಅವನ ಕಾದಂಬರಿಯಲ್ಲಿ ಅವರು ಬಂದು ಬೀಳುವುದು ಇದೇ ಬಯಲಿನಲ್ಲಿ. ಒಬ್ಬ ಜವಳಿ ಅಂಗಡಿಯ ನೌಕರ ಸೈಕಲ್ ಮೇಲೆ ರಜೆ ಕಳೆಯುವ ಇನ್ನೊಂದು ಕಾದಂಬರಿಯನ್ನೂ 1896ರಲ್ಲಿ ಪ್ರಕಟಿಸಿದ. ಆ ನೌಕರನೂ ನಮ್ಮ ಹಾಗೆಯೇ, ಇಳಿಯಲು ಬಾರದವನು.

ಆದರೆ ನಾವು ಅಲ್ಲಿಗೆ ಹೋದದ್ದು ಮಂಗಳದವರಿಗಾಗಿ ಅಲ್ಲ. ಬಯಲಿನ ಒಂದು ಅಂಚಿನಲ್ಲಿ ಇಟ್ಟಿಗೆಯ ಗೋಡೆ, ಗುಮ್ಮಟವಿರುವ ಬಾಗಿಲು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ಹಿಂದೂಸ್ತಾನಿ ಸೈನಿಕರನ್ನು ಹಡಗಿನಲ್ಲಿ ತಂದು ಬ್ರೈಟನ್ ಮೊದಲಾದ ದಕ್ಷಿಣ ತೀರದ ಊರುಗಳ ಆಸ್ಪತ್ರೆಗಳಲ್ಲಿ ಇಟ್ಟಿದ್ದರು. ಮುಸ್ಲಿಮ್ ಸೈನಿಕರನ್ನು ಅವರ ಧರ್ಮದಂತೆ ದಫನ್ ಮಾಡುತ್ತಿಲ್ಲವೆಂದು ಜರ್ಮನರು ಪ್ರಚಾರ ಮಾಡಿದರು. ವೋಕಿಂಗ್ ಮಸೀದಿಯ ಇಮಾಮರೂ ಸರ್ಕಾರವನ್ನು ಒತ್ತಾಯಿಸಿದರು. ಆಗ ಮಸೀದಿಗೆ ಹತ್ತಿರವೆಂದು ಇಲ್ಲಿ ಖಬರಸ್ತಾನ ಕಟ್ಟಿದರು. ಎರಡೂ ಯುದ್ಧಗಳು ಮುಗಿಯುವ ಹೊತ್ತಿಗೆ 27 ಖಬರುಗಳು. ಮುಂದೆ ಪುಂಡರ ಕಾಟ ಹೆಚ್ಚಾಗಿ, 1968ರಲ್ಲಿ ಅವರನ್ನೆಲ್ಲ ಬ್ರೂಕ್‌ವುಡ್‌ಗೆ ಒಯ್ದರು. ಖಾಲಿ ಗೋಡೆಗಳ ನಡುವೆ 2015ರಲ್ಲಿ ಒಂದು ಶಾಂತಿ ತೋಟ ಮಾಡಿದ್ದಾರೆ. ನೀರಿನ ಉದ್ದನೆಯ ಪಟ್ಟಿ, ಬಿಳಿ ತೊಗಟೆಯ ಹಿಮಾಲಯದ ಮರಗಳು, ಕಲ್ಲಿನ ಮೇಲೆ ಹೆಸರುಗಳು. ಒಂದೊಂದು ಹೆಸರನ್ನೂ ಉರ್ದುವಿನಲ್ಲಿ ಹೇಗೆ ಬರೆಯಬಹುದೆಂದು ಮನಸ್ಸಿನಲ್ಲೇ ಬರೆದುಕೊಂಡು ಓದಿದೆವು. ಆ ಸೈನಿಕರು ಬ್ರೈಟನ್‌ನಿಂದ ಇಲ್ಲಿಗೆ ಬಂದರು, ನಾವು ಇಲ್ಲಿಂದ ಬ್ರೈಟನ್‌ಗೆ ಹೊರಟಿದ್ದೆವು. ತಂಗಿ ಹೇಳಿದ 'ಸಮುದ್ರ'ಕ್ಕೆ ನಮ್ಮ ಲೆಕ್ಕದಲ್ಲಿ ಅಲ್ಲಿಂದ ಬೇರೆ ಅರ್ಥ ಬಂತು.

ರಿಪ್ಲಿ ಎಂಬ ಹಳ್ಳಿಯವರೆಗೆ ಹೆಚ್ಚೇನೂ ದೂರವಿಲ್ಲ. 1880–90ರ ದಶಕಗಳಲ್ಲಿ ಭಾನುವಾರ ಬಂತೆಂದರೆ ಲಂಡನ್ನಿನ ಸೈಕಲ್ ಸವಾರರೆಲ್ಲ ಈ ಊರಿಗೆ ಬಂದು ಆ್ಯಂಕರ್ ಎಂಬ ಛತ್ರದಲ್ಲಿ ಚಹಾ ಕುಡಿದು ಮರಳುತ್ತಿದ್ದರಂತೆ. ಹಾಗಾಗಿ ರಿಪ್ಲಿಯನ್ನು ಸೈಕಲ್ಲಿನವರ ಮೆಕ್ಕಾ ಎಂದು ಕರೆದರು. ಇವರು ನಕ್ಕು, 'ಹಾಗಾದರೆ ನಾವು ಅರ್ಧ ಹಾಜಿಗಳಾದೆವು' ಎಂದರು. ತೌಬಾ ಎಂದೆವು.

ನಮಗೆ ನೋಡಬೇಕಿದ್ದದ್ದು ರಿಪ್ಲಿಯಲ್ಲ, ಅದರ ಪಕ್ಕದ ಓಕಮ್. ಅಲ್ಲಿ ಹಾಟ್‌ಬಾಯ್ ಎಂಬ ಹೋಟೆಲಿತ್ತು. 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ ಶ್ರೀಮಂತ ಮನೆತನದ ಹೆಂಗಸು ಸೈಕಲ್ಲಿನಲ್ಲಿ ಅಲ್ಲಿಗೆ ಬಂದು ಊಟ ಕೇಳಿದಳು. ಆಗಿನ ಹೆಂಗಸರು ನೆಲ ಗುಡಿಸುವ ಲಂಗ ತೊಟ್ಟೇ ಸೈಕಲ್ ಹತ್ತಬೇಕಿತ್ತು. ಲಂಗ ಚೈನಿಗೆ ಸಿಕ್ಕಿ ಬಿದ್ದರೂ ಸರಿಯೇ, ಮಾನ ಉಳಿಯಬೇಕು. ಈಕೆ ಅದನ್ನು ಒಪ್ಪದೆ ಮೊಣಕಾಲಿನವರೆಗಿನ ಸಡಿಲ ಚಲ್ಲಣ ತೊಟ್ಟಿದ್ದಳು. ಹೋಟೆಲಿನ ಯಜಮಾನಿ, ಈ ಉಡುಪಿನಲ್ಲಿ ಮರ್ಯಾದಸ್ಥರು ಕೂರುವ ಕೋಣೆಗೆ ಬಿಡುವುದಿಲ್ಲ, ಬೇಕಾದರೆ ಗಂಡಸರು ಕುಡಿಯುತ್ತ ಕೂರುವ ಕೋಣೆಯಲ್ಲಿ ಊಟ ಮಾಡಿ ಎಂದಳು. ಈಕೆ ಎದ್ದು ಹೊರಟಳು. ಸೈಕಲ್ ಸವಾರರ ಸಂಘ ಯಜಮಾನಿಯ ಮೇಲೆ ದಾವೆ ಹೂಡಿತು. 1899ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ವಿಚಾರಣೆ ನಡೆದು ಹೋಟೆಲಿನವಳೇ ಗೆದ್ದಳು.

ಇಟ್ಟಿಗೆಯ ಆ ಕಟ್ಟಡವನ್ನು ರಸ್ತೆಯಿಂದಲೇ ನೋಡಿದೆವು. ನಗು ಬಂತು, ಜೊತೆಗೆ ಒಂದು ಸಂಕಟವೂ. ಆ ಹೆಂಗಸು ತೊಟ್ಟದ್ದೇನು? ಎರಡು ಕಾಲಿಗೆ ಬೇರೆ ಬೇರೆ ಇರುವ ಸಡಿಲ ಉಡುಪು. ಅದೇ ಶತಮಾನದ ನಡುವಿನಲ್ಲಿ ಇಂಥದನ್ನು ಮೊದಲು ತೊಟ್ಟ ಹೆಂಗಸರು ಅದಕ್ಕೆ ಇಟ್ಟ ಹೆಸರೇ 'ತುರ್ಕಿ ಚಲ್ಲಣ'. ಎಂದರೆ ನಮ್ಮ ಅಜ್ಜಿ ಮುತ್ತಜ್ಜಿಯರ ಶಲ್ವಾರ್! ಮುಸಲ್ಮಾನ ಹೆಂಗಸರು ಮೈ ಮುಚ್ಚಲೆಂದು ತೊಡುತ್ತಿದ್ದದ್ದು ಇಲ್ಲಿ ನಾಚಿಕೆಗೇಡಾಯಿತು. ಇಂದು ಅದೇ ಓಕಮ್‌ನಲ್ಲಿ ನಮ್ಮ ಶಲ್ವಾರಿನ ಕಡೆ ಯಾರೂ ತಿರುಗಿ ನೋಡಲಿಲ್ಲ, ನೋಡಿದ್ದರೆ ತಲೆಯ ಕಡೆ. 2022ರಲ್ಲಿ ನಮ್ಮ ಕರ್ನಾಟಕದ ಕಾಲೇಜು ಗೇಟುಗಳ ಹೊರಗೆ ಸ್ಕಾರ್ಫ್ ತೊಟ್ಟ ಹುಡುಗಿಯರು ನಿಂತಿದ್ದ ಚಿತ್ರಗಳು ಕಣ್ಣ ಮುಂದೆ ಬಂದವು. ಅವರಿಗೂ ಬೇರೆ ಕೋಣೆಯಲ್ಲಿ ಕೂರಿ ಎಂದಿದ್ದರು, ಕೆಲವು ಕಡೆ. ಲೇಡಿ ಹಾರ್ಬರ್ಟನ್‌ಗೆ ಕೋಣೆ ತಪ್ಪಿದ್ದು ಒಂದು ಹೊತ್ತಿನ ಊಟ. ಆ ಹುಡುಗಿಯರಿಗೆ ತಪ್ಪಿದ್ದು ಪರೀಕ್ಷೆ.

ಅಲ್ಲಿಂದ ಗಿಲ್ಡ್‌ಫರ್ಡ್ ಮುಟ್ಟುವುದರಲ್ಲಿ ತೊಡೆಗಳು ಕಲ್ಲಾಗಿದ್ದವು. ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಕಾರುಗಳು ಮತ್ತು ಕಾರುಗಳು. ನಿಜವಾದ ಹಳ್ಳಿಗಾಡು ಶುರುವಾದದ್ದು ಬ್ರಾಮ್ಲಿಯಿಂದ. ಅಲ್ಲಿ ರೈಲಿಲ್ಲದ ಒಂದು ರೈಲ್ವೆ ಸ್ಟೇಷನ್ ಇದೆ. ಪ್ಲಾಟ್‌ಫಾರಂ ಇದೆ, ಊರಿನ ಹೆಸರಿನ ಬೋರ್ಡಿದೆ, ಗೇಟಿದೆ, ಹಳಿ ಮಾತ್ರ ಇಲ್ಲ. 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿ ನಷ್ಟದ ಲೆಕ್ಕ ಹಾಕಿ 2363 ಸ್ಟೇಷನ್‌ಗಳನ್ನೂ ಸುಮಾರು 5000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂದು ವರದಿ ಕೊಟ್ಟ. ಎಲ್ಲವೂ ಮುಚ್ಚಲಿಲ್ಲ, ಬಹುಪಾಲು ಮುಚ್ಚಿದವು. ಈ ಕಡೆಯ ಲೈನಿಗೆ ಕೊನೆಯ ರೈಲು ಬಂದದ್ದು 1965ರ ಜೂನ್‌ನಲ್ಲಿ, ಅದರ ಮುಂದಿನ ಲೈನಿಗೆ 1966ರ ಮಾರ್ಚ್‌ನಲ್ಲಿ. ಎರಡನ್ನೂ ಕೂಡಿಸಿ 1984ರಲ್ಲಿ ಸಮುದ್ರದವರೆಗೆ 59 ಕಿಲೋಮೀಟರಿನ ಒಂದು ದಾರಿ ಮಾಡಿದರು. ಡೌನ್ಸ್ ಲಿಂಕ್ ಎಂದು ಹೆಸರು. ನಡೆಯುವವರಿಗೆ, ಕುದುರೆಯವರಿಗೆ, ಸೈಕಲ್ಲಿನವರಿಗೆ ಮಾತ್ರ.

ರೈಲ್ವೆಯ ಮಕ್ಕಳಿಗೆ ಇಂಥ ದಾರಿಯ ಗುಣ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಅಬ್ಬಾ ಗ್ಯಾಂಗ್‌ಮನ್ ಆಗಿದ್ದವರು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಕೆಂಪು ಹಸಿರು ಬಾವುಟ, ದಿನವೂ ಹಳಿ ಗುಂಟ ಮೈಲಿಗಟ್ಟಲೆ ನಡಿಗೆ. ಗುಡ್ಡ ಬಂದರೆ ಕಡಿದು, ಹಳ್ಳ ಬಂದರೆ ಏರಿ ಹಾಕಿ, ಎಲ್ಲೂ ಏದುಸಿರು ಬರದ ಹಾಗೆ ಮಾಡಿರುತ್ತಾರೆ ಎಂದು ಅವರೇ ತೋರಿಸಿಕೊಟ್ಟಿದ್ದರು. ಹಾಗೇ ಇತ್ತು. ಎರಡೂ ಕಡೆಯಿಂದ ಮರಗಳು ಕೂಡಿಕೊಂಡು ಹಸಿರು ಸುರಂಗವಾಗಿತ್ತು. ಬೇಲಿಯಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡ ಬೆಳ್ಳಗೆ ಹೂ ಬಿಟ್ಟು, ಅದರ ಬುಡದಲ್ಲಿ ಕೊತ್ತಂಬರಿ ಹೂವಿನಂಥದೇ ಬಿಳಿ ಹೂ ಎದೆಯೆತ್ತರಕ್ಕೆ ನಿಂತಿತ್ತು. ಕೈ ಚಾಚಿದ ಕಡೆ ತುರಿಕೆ ಗಿಡವೂ ಇತ್ತೆನ್ನುವುದು ಬೇಗ ಗೊತ್ತಾಯಿತು. ದನಗಳು ಬೇಲಿಯಾಚೆ ನಿಂತು ನಮ್ಮನ್ನು ನೋಡುತ್ತಿದ್ದವು. ನಮ್ಮೂರಿನ ದನಗಳಿಗಿಂತ ಎರಡರಷ್ಟು ದಪ್ಪ, ಕುತೂಹಲ ಅಷ್ಟೇ.

ಬೆಲ್ಲಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಬೆಲ್ ಹೊಡೆದರೆ 'ಸರಿ ಆಚೆ' ಎಂದರ್ಥ. ಇಲ್ಲಿ ಬೆಲ್ ಹೊಡೆದವರೇ ಕ್ಷಮೆ ಕೇಳುತ್ತಾರೆ, ದಾರಿ ಬಿಟ್ಟವರೂ ಕ್ಷಮೆ ಕೇಳುತ್ತಾರೆ, ನಾಯಿ ಹಿಡಿದವರು ನಾಯಿಯ ಪರವಾಗಿಯೂ ಕೇಳುತ್ತಾರೆ. ಕುದುರೆ ಬಂದರೆ ನಾವೇ ಇಳಿದು ನಿಲ್ಲಬೇಕು. 1968ರ ಒಂದು ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ ತುಳಿಯುವ ಹಕ್ಕು ಕೊಟ್ಟಿತು, ಕುದುರೆಗೂ ನಡೆಯುವವರಿಗೂ ಮೊದಲು ದಾರಿ ಬಿಡಬೇಕೆಂಬ ಕರಾರಿನ ಮೇಲೆ. ನಮಗಂತೂ ಇಳಿಯುವ ಅಭ್ಯಾಸ ಅಲ್ಲಿಯೇ ಆಯಿತು.

ಮೊದಲ ರಾತ್ರಿ ಕ್ರಾನ್ಲಿಯಲ್ಲಿ ಒಬ್ಬ ವೃದ್ಧೆಯ ಮನೆಯಲ್ಲಿ ತಂಗಿದೆವು. ಬೆಳಗಿನ ತಿಂಡಿಗೆ ಮಾಂಸ ಬೇಡ, ಮೊಟ್ಟೆ ಸಾಕು ಎಂದದ್ದಕ್ಕೆ ಒಬ್ಬೊಬ್ಬರಿಗೆ ಮೂರು ಮೊಟ್ಟೆ ಬೇಯಿಸಿದರು. ಚೀಲದಲ್ಲಿ ತಂಗಿ ಸುತ್ತಿಕೊಟ್ಟ ಚಪಾತಿ, ನಮ್ಮೂರಿನ ಕೊಬ್ಬರಿ ಚಟ್ನಿಪುಡಿ ಇತ್ತು. ಮಗ್ರಿಬ್ ಆಗುವಾಗ ರಾತ್ರಿ ಎಂಟು ಮುಕ್ಕಾಲು, ಇಶಾಗೆ ಕಾದು ಕೂತರೆ ನಿದ್ದೆ ಕಾಯುವುದಿಲ್ಲ, ಫಜ್ರ್ ಮೂರರ ಸುಮಾರಿಗೇ ಬಂದುಬಿಡುತ್ತದೆ. ಮುಸಾಫಿರರಿಗೆ ನಾಲ್ಕು ರಕಅತ್ ಎರಡಾಗುವ ರಿಯಾಯಿತಿಯ ಬೆಲೆ ಸೈಕಲ್ ತುಳಿದವರಿಗೇ ಗೊತ್ತು.

ಎರಡನೇ ದಿನ ರಜ್‌ವಿಕ್ ದಾಟಿದ ಮೇಲೆ ಅರುನ್ ಎಂಬ ಚಿಕ್ಕ ಹೊಳೆಗೆ ಒಂದು ವಿಚಿತ್ರ ಸೇತುವೆ ಬಂತು. ಕೆಳಗೆ ಇಟ್ಟಿಗೆ ಕಮಾನಿನ ಒಂದು ಸೇತುವೆ, ಅದರ ನೆತ್ತಿಯ ಮೇಲೆ ಕಬ್ಬಿಣದ ಇನ್ನೊಂದು. 1865ರಲ್ಲಿ ಲೈನ್ ಹಾಕುವಾಗ ಕಮಾನು ಕಟ್ಟಿ ಮುಗಿದಿತ್ತು. ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಪಕ್ಕದ ಸ್ಟೇಷನ್ನಿನ ಹತ್ತಿರ ಏರು ಜಾಸ್ತಿಯಾಯಿತು, ಸರಿಮಾಡದೆ ಸ್ಟೇಷನ್ ತೆರೆಯುವಂತಿಲ್ಲ ಎಂದ. ಏರಿಯನ್ನು ಎತ್ತರಿಸಿ, ಸೇತುವೆಯ ಮೇಲೆಯೇ ಸೇತುವೆ ಹಾಕಿದರು. ಇದನ್ನು ಅಬ್ಬಾಗೆ ತೋರಿಸದೆ ಇರುವುದು ಹೇಗೆ? ಅಲ್ಲಿ ಬೆಳಗಿನ ಹನ್ನೊಂದು, ಅರಸೀಕೆರೆಯಲ್ಲಿ ಮಧ್ಯಾಹ್ನ ಮೂರೂವರೆ. ವಿಡಿಯೋ ಕಾಲ್ ಹಚ್ಚಿದೆವು.

ಎಪ್ಪತ್ತೆಂಟರ ಅಬ್ಬಾ ಫೋನನ್ನು ಮೂಗಿನ ಹತ್ತಿರ ಹಿಡಿದು, 'ಹಳಿ ಎಲ್ಲಿ?' ಎಂದರು.

'ಕಿತ್ತು ಅರವತ್ತು ವರ್ಷವಾಗ್ತಾ ಬಂತಂತೆ ಅಬ್ಬಾ.'

'ಕಿತ್ತರಾ? ಒಂದು ಕೀಲಿ ಸಡಿಲ ಇದ್ದರೆ ನಮ್ಮನ್ನ ನಿಲ್ಲಿಸಿ ಬಯ್ತಿದ್ದರಲ್ಲ, ಇವರು ಲೈನೇ ಕಿತ್ತರಾ!' ತುಂಬಾ ಹೊತ್ತು ನಕ್ಕರು. ಆಮೇಲೆ ಸೇತುವೆಯನ್ನು ಕೆಳಗಿನಿಂದ ತೋರಿಸು, ಪಕ್ಕದಿಂದ ತೋರಿಸು ಎಂದರು. ಫೋನ್ ತಿರುಗಿಸುವಾಗ ಕಂಬಿಗೆ ಒರಗಿಸಿದ್ದ ಸೈಕಲ್ ಕಂಡಿತು. ಅಬ್ಬಾ ಸುಮ್ಮನಾದರು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆವು.

'ಬೇಟಾ, ಆ ಅಂಗಡಿಯವನಿಗೆ ಸೈಕಲ್ ಕೊಡಬೇಡ ಅಂತ ಹೇಳಿದ್ದು ನಾನೇ.'

ನಾವು ಏನು ಹೇಳುವುದಕ್ಕೂ ತೋಚದೆ ನಿಂತೆವು. ಅವರೇ ಮುಂದುವರಿಸಿದರು. ಗ್ಯಾಂಗಿನಲ್ಲಿ ಒಬ್ಬ, ಗೇಟಿನ ಹತ್ತಿರ ನಿನ್ನ ದೊಡ್ಡ ಮಗಳನ್ನು ನೋಡಿದೆ ಎಂದು ಏನೋ ಆಡಿದನಂತೆ. ಉಳಿದವರು ನಕ್ಕರಂತೆ. 'ಅವನ ಬಾಯಿ ಮುಚ್ಚಿಸೋಕೆ ಆಗಲಿಲ್ಲ ನನಗೆ. ನಿಮ್ಮ ಸೈಕಲ್ ನಿಲ್ಲಿಸಿದೆ. ಅದು ಸುಲಭ ಇತ್ತು.' ಅಷ್ಟು ಹೇಳಿ, ಸೇತುವೆ ಚೆನ್ನಾಗಿದೆ, ಆ ಲೈನಿನ ಒಂದು ಜಲ್ಲಿಕಲ್ಲು ಸಿಕ್ಕರೆ ತಾ ಎಂದು ಫೋನ್ ಇಟ್ಟುಬಿಟ್ಟರು.

ದಾದಿಮಾ ತೀರಿಕೊಂಡದ್ದು 2003ರಲ್ಲಿ. ಕೊನೆಯ ವರ್ಷಗಳಲ್ಲಿ ಅವರ ಕಾಲೊತ್ತಿದ್ದೇವೆ, ಔಷಧಿ ಕುಡಿಸಿದ್ದೇವೆ. ಆದರೆ ಒಳಗೊಂದು ಕಡೆ ಸೈಕಲ್ಲಿನ ಆ ಸಿಟ್ಟು ಕೂತೇ ಇತ್ತು. 2006ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿ, ಸ್ಕಾರ್ಫ್ ಕಟ್ಟಿದ ಹುಡುಗಿಯರು ನಮ್ಮ ಮನೆಯ ಮುಂದೆ ಬೆಲ್ ಹೊಡೆದು ಹೋಗುತ್ತಿದ್ದಾಗಲೂ ನೆನಪಾಗುತ್ತಿದ್ದದ್ದು ದಾದಿಮಾ ಅವರ 'ಒಳ್ಳೇದೇ ಆಯ್ತು'. ಒಂದು ಕಥೆಯಲ್ಲಿ ಅವರ ಹೋಲಿಕೆಯ ಅಜ್ಜಿಯೊಬ್ಬಳನ್ನು ಕೆಟ್ಟವಳನ್ನಾಗಿ ಬರೆದೂ ಇದ್ದೇವೆ. ಅದು ಅಚ್ಚಾಗಿದೆ. ತಿದ್ದಲು ಬರುವುದಿಲ್ಲ.

ಮುಂದಿನ ಹತ್ತು ಹದಿನೈದು ಕಿಲೋಮೀಟರು ಮಾತಿಲ್ಲದೆ ತುಳಿದೆವು. ಇವರು ಮುಂದೆ ಹೋಗಿ ಹೋಗಿ ನಿಂತು ಕಾಯುತ್ತಿದ್ದರು. ಒಂದು ಸಲ ನಿಂತವರು, 'ಮೊನ್ನೆ ರಾತ್ರಿ ನಾನೂ ಅದನ್ನೇ ಮಾಡಿದೆ ಅಲ್ವಾ? ಸ್ಕಾರ್ಫ್ ವಿಷಯ' ಎಂದರು. ಹೌದೆಂದೆವು. ಇಲ್ಲವೆನ್ನಬಹುದಿತ್ತು, ಮನಸ್ಸಾಗಲಿಲ್ಲ.

ಅವರ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ದಿನ ಮಧ್ಯಾಹ್ನ ದಾರಿ ಒಂದು ಟಾರು ರಸ್ತೆಯನ್ನು ಹಾಯುವಲ್ಲಿ ಒಂದು ಕಾರು ನಿಧಾನವಾಗಿ, ಕಿಟಕಿಯಿಂದ ಒಬ್ಬ ಹುಡುಗ ಏನೋ ಕೂಗಿದ. ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ ಎರಡು ಶಬ್ದ ಸಾಕಿತ್ತು. ಎರಡು ಮೈಲಿ ಕೈ ನಡುಗುತ್ತಿತ್ತು. ನಾವು ಊರಿಗೆ ಮರಳಿದ ಮೇಲೆ, ಅದೇ ವರ್ಷದ ಜುಲೈ ಕೊನೆಯಲ್ಲಿ ಸೌತ್‌ಪೋರ್ಟ್‌ನ ಮಸೀದಿಗೆ ಜನ ಮುತ್ತಿದ ಸುದ್ದಿ ನೋಡಿದಾಗ ಆ ಕಿಟಕಿಯೇ ನೆನಪಾಯಿತು. ಆದರೆ ಪಾರ್ಟ್ರಿಜ್ ಗ್ರೀನ್ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಗಿ ಕೂತಾಗ, ಟ್ಯೂಬ್ ತೆಗೆದು ಹಚ್ಚಿಕೊಟ್ಟವನೂ ಹೆಚ್ಚು ಕಡಿಮೆ ಅದೇ ವಯಸ್ಸಿನ ಹುಡುಗ. ಚಟ್ನಿಪುಡಿ ಹಚ್ಚಿದ ಚಪಾತಿ ಕೊಟ್ಟೆವು. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದ.

ಸಂಜೆ ಚಹಾ ಬೇಕೆನಿಸಿತು. ಆ ಹಳ್ಳಿಯಲ್ಲಿ ತೆರೆದಿದ್ದದ್ದು ಒಂದು ಪಬ್ ಮಾತ್ರ. ಒಳಗೆ ಹೋಗುವುದೋ ಬೇಡವೋ ಎಂದು ಬೇಲಿಯ ಹತ್ತಿರ ನಿಂತು ಐದು ನಿಮಿಷ ಚರ್ಚೆ. ಒಳಗಿನಿಂದ ಒಬ್ಬ ಹೆಂಗಸು ಬಂದು, ಚಹಾ ಸಿಗುತ್ತದೆ, ಹೊರಗಿನ ಬೆಂಚಿನ ಮೇಲೆ ಬಿಸಿಲಿದೆ, ಅಥವಾ ಒಳಗೆ ಬನ್ನಿ, ಎಲ್ಲಿ ಬೇಕೋ ಅಲ್ಲಿ ಕೂರಿ ಎಂದಳು. ಹೊರಗೇ ಕೂತೆವು. ಎಲ್ಲಿ ಬೇಕೋ ಅಲ್ಲಿ ಎಂದದ್ದಕ್ಕೆ ಚಹಾದ ರುಚಿ ಹೆಚ್ಚಾಯಿತು.

ಮೂರನೇ ದಿನ ಸುಣ್ಣದ ಗುಡ್ಡಗಳು, ಅವುಗಳನ್ನು ಸೀಳಿಕೊಂಡು ಹೋಗುವ ಅಡೂರ್ ನದಿ, ಕೊನೆಗೆ ಷೋರಮ್‌ನಲ್ಲಿ ಉಪ್ಪುಗಾಳಿ. ಅಲ್ಲಿಂದ ತೀರದ ಗುಂಟ ಬ್ರೈಟನ್. ಸುಮಾರು 100 ಕಿಲೋಮೀಟರು ತುಳಿದಿದ್ದೆವು. ತಂಗಿಗೆ ಫೋಟೊ ಕಳಿಸಿದೆವು, ನಡು ಅಡಿಯ ಮೇಲೆ ತಲೆದಿಂಬು ಇಟ್ಟು ಮಲಗಿದೆವು.

ಬ್ರೈಟನ್‌ನ ರಾಯಲ್ ಪೆವಿಲಿಯನ್ ಒಬ್ಬ ರಾಜಕುಮಾರನ ಷೋಕಿ. ಹೊರಗೆ ಹಿಂದೂಸ್ತಾನಿ ಗುಮ್ಮಟಗಳು, ಒಳಗೆ ಚೀನಾದ ಅಲಂಕಾರ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದನ್ನು ನಮ್ಮವರ ಆಸ್ಪತ್ರೆ ಮಾಡಿದ್ದರು. ಜೂಮರ್‌ಗಳ ಕೆಳಗೆ ಸಾಲು ಮಂಚಗಳ ಚಿತ್ರ ನೋಡಿದೆವು. ಜಾತಿ ಮತಗಳಿಗೆ ಅನುಸಾರವಾಗಿ ಒಂಬತ್ತು ಅಡಿಗೆಮನೆ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ, ಬೋರ್ಡುಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ನಮಾಜಿಗೆ ಹುಲ್ಲುಹಾಸಿನಲ್ಲಿ ಜಾಗ. ಒಂದೇ ಗುಂಡಿನ ಎದುರು ನಿಂತವರಿಗೆ ಎರಡು ನಲ್ಲಿ! ಅದನ್ನು ಆಳುವವರ ಜಾಣತನವೆನ್ನಬೇಕೋ, ನಮ್ಮವರದೇ ಒತ್ತಾಯವೆನ್ನಬೇಕೋ. ಎರಡೂ ಇದ್ದಿರಬೇಕು. ಸೈನಿಕರು ಊರಿಗೆ ಬರೆಸಿದ ಕಾಗದಗಳನ್ನು ಸೆನ್ಸಾರಿನವರು ಓದಿ, ಅನುವಾದ ಮಾಡಿ ಇಟ್ಟುಕೊಂಡರು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂಚೆಯವರಾದ ಇವರಿಗೆ ಅದು ಸಹಿಸಲಿಲ್ಲ. 'ಬೇರೆಯವರ ಕಾಗದ ಒಡೆಯೋದಾ!' ಎಂದು ಗೊಣಗುತ್ತಲೇ ಇದ್ದರು.

ತೀರಿಕೊಂಡ ಮುಸ್ಲಿಮರು ವೋಕಿಂಗ್‌ಗೆ ಹೋದರೆ, ಹಿಂದೂ ಮತ್ತು ಸಿಖ್ ಸೈನಿಕರನ್ನು ಪ್ಯಾಚಮ್ ಊರಿನ ಮೇಲಿನ ಗುಡ್ಡಕ್ಕೆ ಒಯ್ದು ಸುಟ್ಟರು. ಆ ಜಾಗದಲ್ಲಿ ಛತ್ರಿ ಎಂಬ ಬಿಳಿ ಅಮೃತಶಿಲೆಯ ಸ್ಮಾರಕವಿದೆ. 1921ರ ಫೆಬ್ರವರಿ 1ರಂದು ತೆರೆದದ್ದು. 53 ಜನ. ಅವರ ಹೆಸರುಗಳು ಮಾತ್ರ 2010ರವರೆಗೂ ಅಲ್ಲಿರಲಿಲ್ಲ. ಸೈಕಲ್‌ಗಳನ್ನು ಕೆಳಗೆ ಬೀಗ ಹಾಕಿ ಹತ್ತಿದೆವು. ಕುರಿಗಳು, ಗಾಳಿ, ದೂರದಲ್ಲಿ ಸಮುದ್ರ. ಅದೇ ದಾಳಿಯಲ್ಲಿ ಪಕ್ಕಪಕ್ಕ ಬಿದ್ದಿರಬಹುದಾದವರು ಎರಡು ಜಿಲ್ಲೆಗಳ ಎರಡು ಗುರುತಿನಲ್ಲಿ ಉಳಿದಿದ್ದಾರೆ. ಇಲ್ಲಿ ಏನು ಓದಬೇಕೆಂದು ನಮಗೆ ಗೊತ್ತಾಗಲಿಲ್ಲ. ಸುಮ್ಮನೆ ನಿಂತು, ಹೆಸರು ಓದಿ, ಇಳಿಯುವಾಗ ದಾದಿಮಾ ಅವರ ಹೆಸರಿನಲ್ಲಿ ಒಂದು ಫಾತಿಹಾ ಓದಿದೆವು.

ಅಬ್ಬಾ ಕೇಳಿದ ಕಲ್ಲು ಆಗಲೇ ಚೀಲದಲ್ಲಿತ್ತು. ಹೆನ್‌ಫೀಲ್ಡ್ ದಾಟಿದ ಮೇಲೆ ದಾರಿಯ ಅಂಚಿನ ಮಣ್ಣಿನಲ್ಲಿ ಕಪ್ಪಗೆ ಕಂಡದ್ದನ್ನು ಇವರು ಸ್ಪಾನರಿನಿಂದ ಕೆದಕಿ ತೆಗೆದಿದ್ದರು. ಏರ್‌ಪೋರ್ಟಿನಲ್ಲಿ ಚೀಲ ತೆರೆಸಿ, ಇದೇನೆಂದು ಕೇಳಿದರು. ತಂದೆಗೆ ಎಂದೆವು. ಇನ್ನೇನೂ ಕೇಳಲಿಲ್ಲ.

ಅರಸೀಕೆರೆಯಲ್ಲಿ ಅಬ್ಬಾ ಜಗಲಿಯ ಮೇಲೆ ಕೂತಿದ್ದರು. ಸೈಕಲ್ಲಿನ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಕನ್ನಡಕ ಹಾಕಿಕೊಂಡು ಅಂಚನ್ನು ಉಗುರಿನಿಂದ ಕೆರೆದರು.

'ಇದು ಜಲ್ಲಿಯಲ್ಲ ಬೇಟಾ, ಚಕಮಕಿ ಕಲ್ಲು. ಹಳಿಯ ಕೆಳಗೆ ಹಾಕಿದರೆ ಸೀಳಿ ಹೋಗುತ್ತೆ' ಎಂದರು.

ಆದರೂ ಅದನ್ನು ಕಿಟಕಿಯಲ್ಲಿ, ಅವರ ಹಳೆಯ ಹಸಿರು ಬಾವುಟದ ಪಕ್ಕ ಇಟ್ಟುಕೊಂಡಿದ್ದಾರೆ.